ತಾತನ ತಪ್ಪನ್ನು ಮೊಮ್ಮಗಳು ಹೇಳಬಹುದೇ?

ಕಳೆದ ತಿಂಗಳ ಒಂದು ಭಾನುವಾರ ನಾನು ರಕ್ತದೊತ್ತಡದ ಮಾತ್ರೆಯನ್ನು ಎರಡು ಸಲ ನುಂಗಿದೆ. ತಿಂಡಿಗೆ ಮೊದಲು ಒಮ್ಮೆ, ಪೇಪರ್ ಓದಿ ಮುಗಿಸಿದ ಮೇಲೆ ಮರೆತು ಮತ್ತೊಮ್ಮೆ. ಮಧ್ಯಾಹ್ನದ ಹೊತ್ತಿಗೆ ತಲೆ ಗಿರ್ರೆಂದು ಸುತ್ತಿತು. ಗೋಡೆ ಹಿಡಿದುಕೊಂಡು ಹಾಗೇ ಕೆಳಗೆ ಕುಳಿತೆ. ಮಗ ಡಾಕ್ಟರ ಬಳಿ ಕರೆದುಕೊಂಡು ಹೋದ. ಅವರು ಪರೀಕ್ಷೆ ಮಾಡಿ, ಸಂಜೆಯವರೆಗೆ ಅಲ್ಲೇ ಮಲಗಿಸಿಕೊಂಡು, "ಗಾಬರಿ ಏನಿಲ್ಲ, ಇನ್ನು ಮೇಲೆ ಹುಷಾರು" ಎಂದು ಹೇಳಿ ಕಳಿಸಿದರು.

ರಾತ್ರಿ ಮೊಮ್ಮಗಳು ನನ್ನ ಹಾಸಿಗೆಯ ಅಂಚಿನಲ್ಲಿ ಬಂದು ಕುಳಿತಳು. ಆರನೇ ತರಗತಿಯ ಹುಡುಗಿ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ತಾತ, ನೀವು ಎರಡನೇ ಸಲ ಮಾತ್ರೆ ತಗೊಂಡಿದ್ದನ್ನ ನಾನು ನೋಡಿದೆ."

"ಮತ್ತೆ ಯಾಕಮ್ಮ ಹೇಳಲಿಲ್ಲ?"

"ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ನಿನ್ನೆ ನೀವೇ ಹೇಳಿದ್ರಲ್ಲ..."

ನನಗೆ ಬಾಯಿಗೆ ಮಾತು ಬರಲಿಲ್ಲ.

ಹಿಂದಿನ ದಿನ ಆದದ್ದು ಇಷ್ಟು. ಶಾಲೆಯಲ್ಲಿ ಅವಳು ಜಗತ್ತಿನ ಮಹಾಪುರುಷರೊಬ್ಬರ ಬಗ್ಗೆ ಮೂರು ನಿಮಿಷ ಮಾತಾಡಬೇಕಿತ್ತು. ಚೀಟಿ ಎತ್ತಿದಾಗ ಅವಳಿಗೆ ಬಂದ ಹೆಸರು ಕನ್ಫ್ಯೂಷಿಯಸ್. ನಾನು ನಿವೃತ್ತ ಸಮಾಜ ವಿಜ್ಞಾನ ಮೇಷ್ಟ್ರು. ಭಾಷಣ ಬರೆಸಲು ಕೂತೆ. "ಹಿರಿಯರು ಹೇಳಿದ್ದನ್ನು ಕಿರಿಯರು ಕೇಳಬೇಕು ಎಂದು ಕನ್ಫ್ಯೂಷಿಯಸ್ ಬೋಧಿಸಿದ, ಬರಕೋ" ಎಂದೆ. ಅವಳು ಪೆನ್ಸಿಲ್ ಎತ್ತಿ, "ಹಿರಿಯರು ಹೇಳಿದ್ದು ತಪ್ಪಾಗಿದ್ರೂ ಕೇಳಬೇಕಾ ತಾತ?" ಎಂದಳು. ಅವಸರದಲ್ಲಿದ್ದ ನಾನು, "ದೊಡ್ಡವರಿಗೆ ಎದುರು ಮಾತಾಡಬಾರದು. ಹೇಳಿದ್ದು ಬರಿ" ಎಂದು ಗದರಿಬಿಟ್ಟೆ.

ಮೂವತ್ತು ವರ್ಷ ಪಾಠ ಮಾಡಿದ ನಾನು ಕನ್ಫ್ಯೂಷಿಯಸ್‌ನನ್ನು ಪ್ರತಿ ವರ್ಷ ಹೀಗೆ ಒಂದೇ ವಾಕ್ಯದಲ್ಲಿ ಮುಗಿಸಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಆ ಮಹಾಪುರುಷ ನಿಜಕ್ಕೂ ಏನು ಹೇಳಿದ್ದ? ಮರುದಿನದಿಂದ ಹಳೆಯ ಪುಸ್ತಕಗಳನ್ನು ಕೆಳಗಿಳಿಸಿದೆ, ಗ್ರಂಥಾಲಯಕ್ಕೂ ಹೋಗಿ ಬಂದೆ. ಅಲ್ಲಿ ಸಿಕ್ಕಿದ್ದನ್ನು ಮೊಮ್ಮಗಳಿಗೆ ಹೇಳಿದೆ. ಈಗ ನಿಮಗೂ ಹೇಳುತ್ತೇನೆ. ಮಕ್ಕಳೇ, ಅಜ್ಜ ಅಜ್ಜಿಯರ ಪಕ್ಕದಲ್ಲಿ ಕುಳಿತೇ ಓದಿ. ಇದರಲ್ಲಿ ಇಬ್ಬರಿಗೂ ಪಾಲಿದೆ.

ಅಪ್ಪನಿಲ್ಲದ ಹುಡುಗ

ಈಗಿನ ಚೀನಾದ ಪೂರ್ವ ಭಾಗದಲ್ಲಿ ಶಾನ್‌ಡಾಂಗ್ ಎಂಬ ಪ್ರಾಂತ್ಯವಿದೆ. ಅಲ್ಲಿನ ಚೂಫು ಪಟ್ಟಣ ಎರಡೂವರೆ ಸಾವಿರ ವರ್ಷಗಳ ಹಿಂದೆ ಲೂ ಎಂಬ ಚಿಕ್ಕ ರಾಜ್ಯದ ರಾಜಧಾನಿಯಾಗಿತ್ತು. ಆ ರಾಜ್ಯದಲ್ಲಿ ಕ್ರಿ.ಪೂ. 551ರಲ್ಲಿ ಒಂದು ಗಂಡು ಮಗು ಹುಟ್ಟಿತು. ಮನೆತನದ ಹೆಸರು ಕೊಂಗ್, ಮಗುವಿನ ಹೆಸರು ಚ್ಯೂ. ಮುಂದೆ ಜನ ಅವನನ್ನು ಕೊಂಗ್ ಫೂತ್ಸು, ಅಂದರೆ ಕೊಂಗ್ ಗುರುಗಳು ಎಂದು ಕರೆದರು. ಎಷ್ಟೋ ಶತಮಾನಗಳ ನಂತರ ಚೀನಾಕ್ಕೆ ಹೋದ ಯುರೋಪಿನ ಜೆಸ್ಯೂಟ್ ಪಾದ್ರಿಗಳು ಆ ಹೆಸರನ್ನು ಲ್ಯಾಟಿನ್ ನಾಲಿಗೆಗೆ ಹೊಂದಿಸಿ ಕನ್ಫ್ಯೂಷಿಯಸ್ ಎಂದರು. ನಮ್ಮ ಪಠ್ಯಪುಸ್ತಕಕ್ಕೆ ಬಂದದ್ದು ಆ ಹೆಸರು.

ಮಗುವಿಗೆ ಮೂರು ವರ್ಷವಾಗಿದ್ದಾಗ ತಂದೆ ತೀರಿಕೊಂಡ. ತಾಯಿ ಬಡತನದಲ್ಲಿ ಸಾಕಿದಳು. ಹುಡುಗ ದೊಡ್ಡವನಾಗಿ ಕಣಜದ ಲೆಕ್ಕ ಬರೆಯುವ ಕೆಲಸ ಮಾಡಿದ, ದನಕುರಿಗಳ ಉಸ್ತುವಾರಿ ನೋಡಿಕೊಂಡ. ಓದಿನ ಕಡೆ ಮನಸ್ಸು ಗಟ್ಟಿಯಾಗಿ ನಿಂತದ್ದು ಹದಿನೈದನೇ ವಯಸ್ಸಿನಲ್ಲಿ ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ.

ಅದು ಕೆಟ್ಟ ಕಾಲ. ಹೆಸರಿಗೆ ಒಬ್ಬ ಚಕ್ರವರ್ತಿ ಇದ್ದರೂ ಚಿಕ್ಕ ಚಿಕ್ಕ ರಾಜ್ಯಗಳು ಸದಾ ಕಾದಾಡುತ್ತಿದ್ದವು. ಮಂತ್ರಿ ರಾಜನನ್ನು ಓಡಿಸುತ್ತಿದ್ದ, ಮಗ ತಂದೆಯನ್ನು ಕೊಲ್ಲುತ್ತಿದ್ದ. ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ. ಈ ಮುರಿದ ನಂಬಿಕೆಯನ್ನು ಮತ್ತೆ ಕಟ್ಟುವುದು ಹೇಗೆ ಎಂಬುದೇ ಕನ್ಫ್ಯೂಷಿಯಸ್‌ನ ಚಿಂತೆ.

ಅವನು ಕೆಲಕಾಲ ಲೂ ರಾಜ್ಯದಲ್ಲಿ ನ್ಯಾಯದ ಮಂತ್ರಿಯಾಗಿದ್ದ. ಆದರೆ ರಾಜನಿಗೆ ಅವನ ಮಾತು ಬೇಕಾಗಲಿಲ್ಲ. ಕ್ರಿ.ಪೂ. 497ರ ಹೊತ್ತಿಗೆ, ಐವತ್ತು ದಾಟಿದ ವಯಸ್ಸಿನಲ್ಲಿ, ಶಿಷ್ಯರೊಂದಿಗೆ ಊರು ಬಿಟ್ಟ. ಸುಮಾರು ಹದಿನಾಲ್ಕು ವರ್ಷ ರಾಜ್ಯದಿಂದ ರಾಜ್ಯಕ್ಕೆ ಅಲೆದ. ದಾರಿಯಲ್ಲಿ ಒಮ್ಮೆ ಊಟಕ್ಕೇ ಇಲ್ಲದೆ ಶಿಷ್ಯರು ಕಾಯಿಲೆ ಬಿದ್ದರು. ಯಾವ ರಾಜನೂ ಅವನನ್ನು ಕರೆದು ಇಟ್ಟುಕೊಳ್ಳಲಿಲ್ಲ.

ಹೀಗೆ ಅಲೆಯುವಾಗ ನಡೆದ ಒಂದು ತಮಾಷೆಯ ಪ್ರಸಂಗ ಕೇಳಿ. ಒಂದು ಊರಿನಲ್ಲಿ ಗುರು ಶಿಷ್ಯರಿಂದ ತಪ್ಪಿಸಿಕೊಂಡು ಒಬ್ಬನೇ ಊರಬಾಗಿಲಲ್ಲಿ ನಿಂತಿದ್ದ. ಶಿಷ್ಯ ತ್ಸುಕೊಂಗ್ ಹುಡುಕುತ್ತ ಬಂದಾಗ ಒಬ್ಬ ದಾರಿಹೋಕ, ಅಲ್ಲೊಬ್ಬ ನಿಂತಿದ್ದಾನೆ, ಸಾವಿನ ಮನೆಯ ದಿಕ್ಕಿಲ್ಲದ ನಾಯಿಯ ಹಾಗಿದ್ದಾನೆ ಎಂದ. ತ್ಸುಕೊಂಗ್ ಗುರುವನ್ನು ಕಂಡು ಆ ಮಾತನ್ನು ಇದ್ದ ಹಾಗೆಯೇ ಹೇಳಿಬಿಟ್ಟ. ಕನ್ಫ್ಯೂಷಿಯಸ್ ಸಿಟ್ಟಾಗಲಿಲ್ಲ. ನಕ್ಕುಬಿಟ್ಟ. ನಾಯಿಯ ಹೋಲಿಕೆ ಮಾತ್ರ ಸರಿಯಾಗಿದೆ ಎಂದು ಒಪ್ಪಿಕೊಂಡ.

ಇನ್ನೊಮ್ಮೆ ಅವನಾಡಿದ ಮಾತೊಂದರಲ್ಲಿ ತಪ್ಪಿದೆ ಎಂದು ಹೊರಗಿನವನೊಬ್ಬ ಎತ್ತಿ ತೋರಿಸಿದ. ಆಗಲೂ ಅವನು ತನ್ನನ್ನು ಅದೃಷ್ಟವಂತ ಎಂದೇ ಎಣಿಸಿದ. ತಾನು ತಪ್ಪಿದರೆ ಯಾರಾದರೊಬ್ಬರು ತಿಳಿಸಿಯೇ ತಿಳಿಸುತ್ತಾರಲ್ಲ ಎಂಬ ಸಂತೋಷ ಅವನಿಗೆ. ಇದನ್ನು ಓದಿದಾಗ ನನಗೆ ಮೊಮ್ಮಗಳ ಮುಖ ನೆನಪಾಯಿತು.

ಒಂದೇ ಪ್ರಶ್ನೆ, ಎರಡು ಉತ್ತರ

ಮಂತ್ರಿ ಪದವಿ ಉಳಿಯಲಿಲ್ಲ, ಮೇಷ್ಟ್ರ ಕೆಲಸ ಉಳಿಯಿತು. ಆ ಕಾಲದಲ್ಲಿ ವಿದ್ಯೆ ದೊಡ್ಡ ಮನೆತನಗಳ ಸೊತ್ತು. ಕನ್ಫ್ಯೂಷಿಯಸ್ ಮಾತ್ರ, ಗುರುದಕ್ಷಿಣೆಯಾಗಿ ಒಂದು ಕಟ್ಟು ಒಣಮಾಂಸ ತಂದವನಿಗೂ ಪಾಠ ಇಲ್ಲ ಎನ್ನಲಿಲ್ಲ. ಮೂರು ಸಾವಿರ ಜನ ಅವನ ಬಳಿ ಕಲಿತರು, ಅವರಲ್ಲಿ ಎಪ್ಪತ್ತೆರಡು ಮಂದಿ ಪಾರಂಗತರಾದರು ಎಂಬ ಮಾತು ಚೀನಾದಲ್ಲಿ ರೂಢಿಯಲ್ಲಿದೆ.

ಅವನ ಪಾಠದ ರೀತಿ ನೋಡಿ. ಒಳ್ಳೆಯ ಮಾತು ಕೇಳಿದ ಕೂಡಲೇ ಅದನ್ನು ಮಾಡಿಬಿಡಬೇಕೇ ಎಂದು ಒಬ್ಬ ಶಿಷ್ಯ ಕೇಳಿದ. ಮನೆಯಲ್ಲಿ ತಂದೆ, ಅಣ್ಣ ಇದ್ದಾರಲ್ಲ, ಮೊದಲು ಅವರನ್ನು ಕೇಳು ಎಂದ ಗುರು. ಇನ್ನೊಬ್ಬ ಶಿಷ್ಯ ಬಂದು ಇದನ್ನೇ ಕೇಳಿದ. ಹೌದು, ಕೂಡಲೇ ಮಾಡು ಎಂದ. ಎರಡನ್ನೂ ಕೇಳಿಸಿಕೊಂಡ ಮೂರನೆಯವನಿಗೆ ತಲೆ ಕೆಟ್ಟಿತು. ಗುರು ವಿವರಿಸಿದ: ಮೊದಲನೆಯವನು ಮುನ್ನುಗ್ಗುವ ಸ್ವಭಾವದವನು, ಅವನನ್ನು ಹಿಡಿದು ನಿಲ್ಲಿಸಬೇಕು. ಎರಡನೆಯವನು ಹಿಂಜರಿಯುವವನು, ಅವನನ್ನು ಮುಂದೆ ತಳ್ಳಬೇಕು.

ಇನ್ನೊಂದು ಚಿಕ್ಕ ಪ್ರಸಂಗ. ಒಮ್ಮೆ ಕುದುರೆ ಲಾಯಕ್ಕೆ ಬೆಂಕಿ ಬಿತ್ತು. ಆಗ ಕುದುರೆಗಳಿಗೆ ಬಹಳ ಬೆಲೆ. ಮನೆಗೆ ಬಂದ ಕನ್ಫ್ಯೂಷಿಯಸ್ ಕೇಳಿದ್ದು ಒಂದೇ ಪ್ರಶ್ನೆ, ಯಾರಿಗಾದರೂ ಗಾಯವಾಯಿತೇ ಎಂದು. ಕುದುರೆಗಳ ವಿಚಾರವನ್ನು ಎತ್ತಲೇ ಇಲ್ಲ. ಲಾಯದಲ್ಲಿ ಇದ್ದವರು ಕೂಲಿಯಾಳುಗಳು ಎಂಬುದನ್ನು ನೆನಪಿಡಿ.

ಕ್ರಿ.ಪೂ. 479ರಲ್ಲಿ ಅವನು ತೀರಿಕೊಂಡ. ಮಗನೂ ಅಚ್ಚುಮೆಚ್ಚಿನ ಶಿಷ್ಯ ಯನ್ ಹುಯ್‌ನೂ ಅವನಿಗಿಂತ ಮೊದಲೇ ಹೋಗಿದ್ದರು. ಶಿಷ್ಯರು ತಂದೆ ಸತ್ತರೆ ಆಚರಿಸುವಂತೆ ಮೂರು ವರ್ಷ ಶೋಕ ಆಚರಿಸಿದರು. ತ್ಸುಕೊಂಗ್ ಮಾತ್ರ ಸಮಾಧಿಯ ಪಕ್ಕದಲ್ಲಿ ಗುಡಿಸಲು ಹಾಕಿಕೊಂಡು ಇನ್ನೂ ಮೂರು ವರ್ಷ ಅಲ್ಲೇ ಉಳಿದ. ಕನ್ಫ್ಯೂಷಿಯಸ್‌ನ ಮಾತುಗಳನ್ನು ಶಿಷ್ಯರೂ ಶಿಷ್ಯರ ಶಿಷ್ಯರೂ ಕೂಡಿಸಿಟ್ಟರು. ಇಪ್ಪತ್ತು ಅಧ್ಯಾಯಗಳ ಆ ಪುಸ್ತಕದ ಹೆಸರು 'ಲುನ್ ಯು'.

ನೆನಪಿಡಲು ನಾಲ್ಕು ಪದ

ಅವನ ಬೋಧನೆಯಲ್ಲಿ ದೇವರು, ಸ್ವರ್ಗ, ಮರುಜನ್ಮದ ಚರ್ಚೆ ಬಹಳ ಕಡಿಮೆ. ಮನುಷ್ಯ ಮನುಷ್ಯನೊಂದಿಗೆ ಹೇಗೆ ಬಾಳಬೇಕು ಎಂಬುದೇ ಮುಖ್ಯ. ಆದ್ದರಿಂದಲೇ ಇದು ಧರ್ಮವೋ, ತತ್ತ್ವವೋ, ನೀತಿಯೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ.

ಮೊದಲ ಪದ 'ರೆನ್'. ಅಂದರೆ ಮನುಷ್ಯತ್ವ, ಕರುಣೆ. ಚೀನೀ ಲಿಪಿಯಲ್ಲಿ ಇದನ್ನು ಬರೆಯುವಾಗ 'ಮನುಷ್ಯ' ಎಂಬ ಗುರುತಿನ ಪಕ್ಕದಲ್ಲಿ 'ಎರಡು' ಎಂಬ ಗುರುತು ಹಾಕುತ್ತಾರೆ. ಒಬ್ಬನೇ ಕುಳಿತು ಒಳ್ಳೆಯವನಾಗಲು ಬರುವುದಿಲ್ಲ, ಎದುರಿಗೆ ಇನ್ನೊಬ್ಬರು ಬೇಕು ಎಂದು ನಾನು ಅರ್ಥ ಮಾಡಿಕೊಂಡೆ.

ಎರಡನೆಯದು 'ಲಿ'. ಅಂದರೆ ನಡವಳಿಕೆಯ ಕ್ರಮ. ಪೂಜೆ, ಮದುವೆ, ಶ್ರಾದ್ಧದ ವಿಧಿಗಳಿಂದ ಹಿಡಿದು ಮನೆಗೆ ಬಂದವರನ್ನು ಮಾತಾಡಿಸುವ ರೀತಿಯವರೆಗೆ ಎಲ್ಲವೂ ಇದರಲ್ಲಿ ಬರುತ್ತದೆ. ಒಳಗೆ ರೆನ್ ಇಲ್ಲದ ಲಿ ಬರೀ ತೋರಿಕೆ ಎಂದೂ ಅವನು ಎಚ್ಚರಿಸಿದ್ದ.

ಮೂರನೆಯದು 'ಶು'. ಜೀವನವಿಡೀ ಪಾಲಿಸಲು ಒಂದೇ ಒಂದು ಪದ ಕೊಡಿ ಎಂದು ತ್ಸುಕೊಂಗ್ ಕೇಳಿದಾಗ ಗುರು ಕೊಟ್ಟ ಪದ ಇದು. ನಮಗೆ ಯಾವುದು ಬೇಡವೋ ಅದನ್ನು ಇನ್ನೊಬ್ಬರಿಗೆ ಮಾಡದಿರುವುದು ಎಂದು ಇದರ ಅರ್ಥ.

ನಾಲ್ಕನೆಯದು 'ಶ್ಯಾವ್'. ನನ್ನ ಮನೆಯ ಜಗಳ ಶುರುವಾದದ್ದು ಈ ಪದದಿಂದಲೇ. ತಂದೆತಾಯಿ, ಹಿರಿಯರ ಮೇಲಿನ ಭಕ್ತಿ, ಅವರ ಸೇವೆ ಎಂದು ಅರ್ಥ. ಇದರ ಅಕ್ಷರದಲ್ಲಿ ಮೇಲೆ 'ಮುದುಕ' ಎಂಬ ಗುರುತಿನ ಅರ್ಧ, ಕೆಳಗೆ 'ಮಗು' ಎಂಬ ಗುರುತು ಇರುತ್ತದೆ. ನಮ್ಮ ಶ್ರವಣಕುಮಾರ ತಂದೆತಾಯಿಯರನ್ನು ಹೊತ್ತ ಚಿತ್ರ ನಿಮಗೆ ನೆನಪಾಗಬಹುದು. ಊಟ ಹಾಕಿದ ಮಾತ್ರಕ್ಕೆ ಶ್ಯಾವ್ ಆಗುವುದಿಲ್ಲ, ಊಟವನ್ನು ನಾಯಿ ಕುದುರೆಗಳಿಗೂ ಹಾಕುತ್ತೇವೆ, ಗೌರವ ಬೇಕು ಎಂಬುದು ಕನ್ಫ್ಯೂಷಿಯಸ್‌ನ ನಿಲುವು. ತಂದೆತಾಯಿಯ ವಯಸ್ಸು ಮಕ್ಕಳಿಗೆ ಸದಾ ನೆನಪಿರಬೇಕು ಎಂದೂ ಅವನು ಹೇಳಿದ್ದಾನೆ. ಇಷ್ಟು ವರ್ಷ ಬದುಕಿದರಲ್ಲ ಎಂದು ಸಂತೋಷಪಡಲು, ಇಷ್ಟು ವಯಸ್ಸಾಯಿತಲ್ಲ ಎಂದು ದಿಗಿಲುಪಡಲು.

ಕರಬೂಜ ಹೊಲದ ಪೆಟ್ಟು

ಇಷ್ಟಕ್ಕೇ ನಿಂತಿದ್ದರೆ ನಾನು ಭಾಷಣದಲ್ಲಿ ಬರೆಸಿದ್ದು ಸರಿಯೇ ಆಗುತ್ತಿತ್ತು. ಮುಂದೆ ಓದಿದಾಗ ಕನ್ಫ್ಯೂಷಿಯಸ್‌ನ ಶಿಷ್ಯ ತ್ಸೆಂಗ್ ಶೆನ್‌ನ ಕಥೆ ಸಿಕ್ಕಿತು. ಪಿತೃಭಕ್ತಿಗೆ ಹೆಸರಾದವನು ಅವನು. ಒಂದು ದಿನ ಕರಬೂಜ ಹೊಲದಲ್ಲಿ ಕಳೆ ತೆಗೆಯುತ್ತ, ತಿಳಿಯದೆ ಒಂದು ಬಳ್ಳಿಯ ಬೇರನ್ನೇ ಕತ್ತರಿಸಿಬಿಟ್ಟ. ತಂದೆ ಸಿಟ್ಟಿನಿಂದ ದೊಡ್ಡ ದೊಣ್ಣೆ ತೆಗೆದುಕೊಂಡು ಬೆನ್ನಿಗೆ ಬಾರಿಸಿದ. ಹುಡುಗ ಓಡಲಿಲ್ಲ. ಪೆಟ್ಟು ತಿಂದು ಎಚ್ಚರ ತಪ್ಪಿ ಬಿದ್ದ. ಎದ್ದ ಮೇಲೆ ತಂದೆಗೆ ಚಿಂತೆಯಾಗದಿರಲಿ ಎಂದು ಕೋಣೆಗೆ ಹೋಗಿ ತಂತಿವಾದ್ಯ ನುಡಿಸುತ್ತ ಹಾಡಿದ.

ಎಂಥ ಆದರ್ಶ ಮಗ ಎನ್ನುತ್ತೀರಾ? ಸುದ್ದಿ ತಿಳಿದ ಕನ್ಫ್ಯೂಷಿಯಸ್‌ಗೆ ಕೋಪ ಬಂತು. ಅವನನ್ನು ಬಾಗಿಲೊಳಗೆ ಬಿಡಬೇಡಿ ಎಂದ. ತನ್ನ ತಪ್ಪೇನು ಎಂದು ತ್ಸೆಂಗ್ ಶೆನ್ ಹೇಳಿ ಕಳಿಸಿದಾಗ ಗುರು ತಿಳಿಸಿದ್ದರ ಸಾರ ಇದು: ಚಿಕ್ಕ ಬೆತ್ತವಾದರೆ ತಡೆದುಕೋ, ದೊಡ್ಡ ದೊಣ್ಣೆಯಾದರೆ ಓಡಿಹೋಗು. ನೀನು ಸತ್ತಿದ್ದರೆ ನಿನ್ನ ತಂದೆ ಕೊಲೆಗಾರನಾಗುತ್ತಿದ್ದ. ತಂದೆಯನ್ನು ಪಾಪಕ್ಕೆ ತಳ್ಳುವುದು ಯಾವ ಭಕ್ತಿ?

ಇಂದು ನಾವು ಚಿಕ್ಕ ಬೆತ್ತವನ್ನೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಕಥೆ ಯಾರ ಪರವಾಗಿ ನಿಂತಿದೆ ನೋಡಿ.

'ಶ್ಯಾವ್ ಚಿಂಗ್' ಎಂಬ ಒಂದು ಚಿಕ್ಕ ಪುಸ್ತಕವಿದೆ. ಪಿತೃಭಕ್ತಿಯೇ ಅದರ ವಿಷಯ. ಅದರಲ್ಲಿ ಇದೇ ತ್ಸೆಂಗ್ ಶೆನ್, ತಂದೆ ಹೇಳಿದ್ದನ್ನೆಲ್ಲ ಪಾಲಿಸುವುದೇ ಶ್ಯಾವ್ ಆಗುತ್ತದೆಯೇ ಎಂದು ಕೇಳುತ್ತಾನೆ. ನನ್ನ ಮೊಮ್ಮಗಳು ಕೇಳಿದ ಪ್ರಶ್ನೆಯೇ! ಗುರು ಇದೆಂಥ ಮಾತು ಎಂದು ಅಚ್ಚರಿಪಡುತ್ತಾನೆ. ತಪ್ಪನ್ನು ತಪ್ಪೆನ್ನುವ ಮಂತ್ರಿ ಇದ್ದರೆ ರಾಜ್ಯ ಉಳಿಯುತ್ತದೆ, ತಪ್ಪನ್ನು ತಪ್ಪೆನ್ನುವ ಮಗ ಇದ್ದರೆ ತಂದೆ ಅನ್ಯಾಯಕ್ಕೆ ಬೀಳುವುದಿಲ್ಲ ಎಂದು ತಿಳಿಸಿ ಹೇಳುತ್ತಾನೆ. ಹೇಳುವ ರೀತಿ ಹೇಗಿರಬೇಕು ಎಂಬುದು 'ಲುನ್ ಯು'ವಿನಲ್ಲಿದೆ. ಮೆಲ್ಲಗೆ ಹೇಳಬೇಕು. ಅವರು ಕೇಳದಿದ್ದರೂ ಗೌರವ ಬಿಡಬಾರದು, ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಬಾರದು.

ತ್ಸೆಂಗ್ ಶೆನ್ ತಾನು ತಂದೆಯಾದ ಮೇಲಿನ ಕಥೆಯೂ ಒಂದಿದೆ. ಹೆಂಡತಿ ಸಂತೆಗೆ ಹೊರಟಾಗ ಮಗು ರಚ್ಚೆ ಹಿಡಿಯಿತು. ಮನೆಗೆ ಹೋಗು, ಬಂದ ಮೇಲೆ ಹಂದಿ ಕಡಿದು ಅಡುಗೆ ಮಾಡುತ್ತೇನೆ ಎಂದು ಅವಳು ಪುಸಲಾಯಿಸಿದಳು. ವಾಪಸು ಬಂದಾಗ ತ್ಸೆಂಗ್ ಶೆನ್ ಹಂದಿ ಹಿಡಿಯಲು ಹೊರಟಿದ್ದ. ಮಗುವಿಗೆ ತಮಾಷೆಗೆ ಹೇಳಿದ್ದು ಎಂದಳು ಹೆಂಡತಿ. ಅವನು ಒಪ್ಪಲಿಲ್ಲ. ಮಗು ನಮ್ಮನ್ನು ನೋಡಿ ಕಲಿಯುತ್ತದೆ, ಇಂದು ಮೋಸ ಮಾಡಿದರೆ ಮೋಸವನ್ನೇ ಕಲಿಸಿದಂತೆ ಎಂದು ಕೊಟ್ಟ ಮಾತನ್ನು ನಡೆಸಿದ. ಫೋನ್ ಕೊಡಿಸುತ್ತೇನೆ, ಸೈಕಲ್ ಕೊಡಿಸುತ್ತೇನೆ ಎಂದು ಮಕ್ಕಳ ಬಾಯಿ ಮುಚ್ಚಿಸುವ ನಾವು ಹಿರಿಯರು ಇದನ್ನು ಎರಡು ಸಲ ಓದಬೇಕು.

ಗೋಡೆಯೊಳಗೆ ಅಡಗಿದ ಪುಸ್ತಕಗಳು

ಬದುಕಿದ್ದಾಗ ಯಾವ ರಾಜನಿಗೂ ಬೇಡವಾಗಿದ್ದವನ ಮಾತು ಅರ್ಧ ಏಷ್ಯಾಕ್ಕೆ ಹಬ್ಬಿದ್ದು ಹೇಗೆ? ಮೊದಲು ಬಂದದ್ದು ಅಪಾಯ. ಚೀನಾವನ್ನು ಒಂದುಗೂಡಿಸಿದ ಮೊದಲ ಸಾಮ್ರಾಟ ಚಿನ್ ಶಿ ಹುವಾಂಗ್ ಕ್ರಿ.ಪೂ. 213ರಲ್ಲಿ ಹಳೆಯ ಗ್ರಂಥಗಳನ್ನು ಸುಡಿಸಿದ. ಹಳೆಯ ಕಾಲವನ್ನು ಹೊಗಳಿ ಈಗಿನ ಆಳ್ವಿಕೆಯನ್ನು ತೆಗಳುವವರು ಅವನಿಗೆ ಬೇಡವಾಗಿದ್ದರು. ಆಗ ಕೊಂಗ್ ಮನೆತನದವರು ಪುಸ್ತಕಗಳನ್ನು ಮನೆಯ ಗೋಡೆಯೊಳಗೆ ಬಚ್ಚಿಟ್ಟರು ಎನ್ನುತ್ತಾರೆ. ಕಾಗದ ಇನ್ನೂ ಬಳಕೆಗೆ ಬಾರದ ಕಾಲ, ಬಿದಿರಿನ ಪಟ್ಟಿಗಳ ಮೇಲೆ ಬರೆದ ಪುಸ್ತಕಗಳು ಅವು. ಮುಂದೆ ಹಾನ್ ವಂಶದ ಕಾಲದಲ್ಲಿ ಒಬ್ಬ ರಾಜಕುಮಾರ ಅರಮನೆ ವಿಸ್ತರಿಸಲು ಆ ಗೋಡೆ ಕೆಡವಿಸಿದಾಗ ಅವು ಹೊರಬಂದವು. ಚೂಫುವಿನ ಕನ್ಫ್ಯೂಷಿಯಸ್ ಗುಡಿಯ ಆವರಣದಲ್ಲಿ ಅದರ ನೆನಪಿಗಾಗಿ ಒಂದು ಗೋಡೆ ಇಂದಿಗೂ ಇದೆ.

ಹಾನ್ ಸಾಮ್ರಾಟ ವೂ ಕಾಲದಲ್ಲಿ ಈ ಬೋಧನೆಗೆ ರಾಜಮನ್ನಣೆ ಸಿಕ್ಕಿತು. ಕ್ರಿ.ಪೂ. 124ರಲ್ಲಿ ಇದೇ ಗ್ರಂಥಗಳನ್ನು ಕಲಿಸುವ ರಾಜಶಾಲೆ ಆರಂಭವಾಯಿತು. ಮುಂದೆ ಆರು ಏಳನೇ ಶತಮಾನದ ಸುಯ್ ವಂಶದ ಕಾಲದಲ್ಲಿ ಸರ್ಕಾರಿ ಹುದ್ದೆಗೆ ಪರೀಕ್ಷೆಗಳು ಬಂದವು. ಒಳ್ಳೆಯ ಮನೆತನದಲ್ಲಿ ಹುಟ್ಟಿದರೆ ಸಾಲದು, ಓದಿರಬೇಕು ಎಂಬ ಕಲ್ಪನೆ ಅದು. 1905ರಲ್ಲಿ ರದ್ದಾಗುವವರೆಗೆ, ಸುಮಾರು 1300 ವರ್ಷ, ಈ ಪರೀಕ್ಷೆಗಳು ನಡೆದವು.

ಮಕ್ಕಳೇ, ನಿಮ್ಮ ಪರೀಕ್ಷೆ ಕಷ್ಟ ಎನ್ನುವಿರಾ? ನಾನ್‌ಜಿಂಗ್ ನಗರದ ಪರೀಕ್ಷಾ ಆವರಣದಲ್ಲಿ 20,000ಕ್ಕೂ ಹೆಚ್ಚು ಪುಟ್ಟ ಗೂಡುಗಳಿದ್ದವು. ಒಬ್ಬೊಬ್ಬರಿಗೆ ಒಂದೊಂದು ಗೂಡು. ಎರಡು ಹಲಗೆಯೇ ಮೇಜು, ಅದೇ ಹಾಸಿಗೆ. ಊಟ ಕಟ್ಟಿಕೊಂಡು ಹೋಗಿ ಹಗಲು ರಾತ್ರಿ ಅಲ್ಲೇ ಬರೆಯಬೇಕು. ಅಂಗಿಯ ಒಳಗೆ ಇರುವೆಯಂಥ ಅಕ್ಷರಗಳಲ್ಲಿ ಪುಸ್ತಕವನ್ನೇ ಬರೆದುಕೊಂಡು ಕಾಪಿ ಹೊಡೆಯಲು ಹೋದವರೂ ಇದ್ದರು! ಮುದುಕರಾಗುವ ತನಕ ಫೇಲಾಗುತ್ತಲೇ ಇದ್ದವರೂ ಇದ್ದರು. ಹೆಣ್ಣುಮಕ್ಕಳಿಗೆ ಮಾತ್ರ ಆ ಬಾಗಿಲು ತೆರೆಯಲೇ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು ಪರೀಕ್ಷೆ ನಡೆಸಿ ಅಧಿಕಾರಿಗಳನ್ನು ಆರಿಸಲು ತೊಡಗಿದಾಗ ಚೀನಾದ ಈ ಮಾದರಿಯೂ ಅವರ ಕಣ್ಣ ಮುಂದಿತ್ತು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ನಮ್ಮ ಐಎಎಸ್ ಪರೀಕ್ಷೆ ಬೆಳೆದು ಬಂದದ್ದು ಬ್ರಿಟಿಷರ ಆ ಪದ್ಧತಿಯಿಂದಲೇ.

ಆಮೆಯ ಬೆನ್ನು, ನೋಟಿನ ಮುಖ

ಚೀನಾದಿಂದ ಈ ಬೋಧನೆ ಅಕ್ಕಪಕ್ಕದ ದೇಶಗಳಿಗೂ ಹೋಯಿತು. ವಿಯೆಟ್ನಾಮಿನ ಹನೋಯ್ ನಗರದಲ್ಲಿ 1070ರಲ್ಲಿ ಕಟ್ಟಿದ 'ವಾನ್ ಮಿಯೆವ್' ಎಂಬ ಸಾಹಿತ್ಯ ಗುಡಿ ಇದೆ. ಅಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳು ನಿಂತಿವೆ. ಅವುಗಳ ಮೇಲೆ ಕೆತ್ತಿರುವುದು ರಾಜರ ಯುದ್ಧಗಳನ್ನಲ್ಲ, ಪರೀಕ್ಷೆಯಲ್ಲಿ ಗೆದ್ದ ವಿದ್ವಾಂಸರ ಹೆಸರುಗಳನ್ನು. ಪರೀಕ್ಷೆ ಹತ್ತಿರ ಬಂದಾಗ ವಿದ್ಯಾರ್ಥಿಗಳು ಆಮೆಯ ತಲೆ ಸವರಿ ಸವರಿ ಕಲ್ಲು ಸವೆಯತೊಡಗಿದ್ದರಿಂದ ಈಗ ಬೇಲಿ ಹಾಕಿದ್ದಾರೆ.

ಕೊರಿಯಾದಲ್ಲಿ 1392ರಿಂದ ಐನೂರು ವರ್ಷಕ್ಕೂ ಹೆಚ್ಚು ಆಳಿದ ಚೋಸನ್ ವಂಶ ಈ ಬೋಧನೆಯ ಮೇಲೆಯೇ ರಾಜ್ಯ ಕಟ್ಟಿತು. ಇಂದಿಗೂ ದಕ್ಷಿಣ ಕೊರಿಯಾದ 1000 ವಾನ್ ನೋಟಿನ ಮೇಲೆ ಯಿ ಹ್ವಾಂಗ್, 5000 ವಾನ್ ನೋಟಿನ ಮೇಲೆ ಯಿ ಐ ಎಂಬ ಇಬ್ಬರು ಕನ್ಫ್ಯೂಷಿಯನ್ ಪಂಡಿತರ ಚಿತ್ರಗಳಿವೆ. 50,000 ವಾನ್ ನೋಟಿನ ಮೇಲೆ ಇರುವವಳು ಶಿನ್ ಸೈಮ್‌ದಾಂಗ್. ಚಿತ್ರಕಲೆಯಲ್ಲಿ ಹೆಸರಾದ ಅವಳು ಯಿ ಐಯ ತಾಯಿ. ತಾಯಿಯ ಬೆಲೆ ಮಗನಿಗಿಂತ ಹತ್ತು ಪಟ್ಟು ಎಂದು ನನ್ನ ಮೊಮ್ಮಗಳು ಕೂಡಲೇ ಲೆಕ್ಕ ಹಾಕಿದಳು! ಅಲ್ಲಿ ಹೊಸ ವರ್ಷದ ದಿನ ಮಕ್ಕಳು ಅಜ್ಜ ಅಜ್ಜಿಯರಿಗೆ ನೆಲ ಮುಟ್ಟಿ ನಮಸ್ಕರಿಸುತ್ತಾರೆ. ಅಜ್ಜ ಅಜ್ಜಿ ಹರಸಿ ದುಡ್ಡು ಕೊಡುತ್ತಾರೆ.

ಜಪಾನಿನಲ್ಲಿ 2024ರಲ್ಲಿ ಬಂದ ಹೊಸ 10,000 ಯೆನ್ ನೋಟಿನ ಮೇಲಿರುವ ಉದ್ಯಮಿ ಶಿಬುಸಾವಾ ಎಯಿಚಿ, ವ್ಯಾಪಾರದ ಲೆಕ್ಕವೂ 'ಲುನ್ ಯು'ವಿನ ನೀತಿಯೂ ಜೊತೆಗೇ ಹೋಗಬೇಕು ಎಂದು ವಾದಿಸಿದವನು. ತೈವಾನಿನಲ್ಲಿ ಕನ್ಫ್ಯೂಷಿಯಸ್‌ನ ಹುಟ್ಟುಹಬ್ಬವೆಂದು ಸೆಪ್ಟೆಂಬರ್ 28ನ್ನು ಶಿಕ್ಷಕರ ದಿನವಾಗಿ ಆಚರಿಸುತ್ತಾರೆ. ಅಂದು ತೈಪೆಯ ಗುಡಿಯಲ್ಲಿ ಶಾಲಾ ಮಕ್ಕಳು ಕೈಯಲ್ಲಿ ಗರಿಯನ್ನೂ ಪುಟ್ಟ ಕೊಳಲನ್ನೂ ಹಿಡಿದು ಸಾಲಾಗಿ ನಿಂತು ನರ್ತಿಸುತ್ತಾರೆ.

ಅಜ್ಜಿಯನ್ನು ಕಂಡು ಹೆದರಿದ ಹುಡುಗ

ಎಲ್ಲವೂ ಚೆನ್ನಾಗಿಯೇ ಇತ್ತು ಎಂದರೆ ಸುಳ್ಳಾಗುತ್ತದೆ. ರಾಜರಿಗೆ ವಿಧೇಯತೆಯ ಪಾಠ ಬಹಳ ಇಷ್ಟವಾಯಿತು, ತಪ್ಪನ್ನು ಹೇಳುವ ಪಾಠ ಅಷ್ಟು ಇಷ್ಟವಾಗಲಿಲ್ಲ. ಕಾಲ ಕಳೆದಂತೆ ಹೆಣ್ಣು ಮೊದಲು ತಂದೆಗೆ, ಆಮೇಲೆ ಗಂಡನಿಗೆ, ಕೊನೆಗೆ ಮಗನಿಗೆ ಅಧೀನಳಾಗಿರಬೇಕು ಎಂಬ ಕಟ್ಟಳೆ ಬಿಗಿಯಾಯಿತು. ಮಕ್ಕಳಿಗಾಗಿ ಇಪ್ಪತ್ತನಾಲ್ಕು ಪಿತೃಭಕ್ತರ ಕಥೆಗಳ ಪುಸ್ತಕ ಬಂತು. ಅದರಲ್ಲಿ ಚಳಿಗಾಲದಲ್ಲಿ ತಂದೆಯ ಹಾಸಿಗೆಯನ್ನು ತನ್ನ ಮೈಯಿಂದ ಬೆಚ್ಚಗೆ ಮಾಡುತ್ತಿದ್ದ ಒಂಬತ್ತು ವರ್ಷದ ಹುಡುಗನ ಚೆಂದದ ಕಥೆಯಿದೆ. ಆದರೆ ಕ್ವೋ ಚೂ ಎಂಬುವನ ಕಥೆಯೂ ಇದೆ. ಬಡವನಾದ ಅವನು, ಮನೆಯ ಅನ್ನ ಮುದಿ ತಾಯಿಗೆ ಸಾಲದು ಎಂದು ತನ್ನ ಪುಟ್ಟ ಮಗನನ್ನೇ ಹೂಳಲು ಗುಂಡಿ ತೋಡುತ್ತಾನೆ. ಗುಂಡಿಯಲ್ಲಿ ಚಿನ್ನ ಸಿಕ್ಕಿ ಮಗು ಉಳಿಯುತ್ತದೆ.

ಚೀನಾದ ದೊಡ್ಡ ಲೇಖಕ ಲು ಶುನ್ (1881-1936) ಚಿಕ್ಕವನಿದ್ದಾಗ ಈ ಕಥೆ ಓದಿ ಹೆದರಿದ್ದನ್ನು ಬರೆದಿದ್ದಾನೆ. ಅಪ್ಪನೂ ಹೀಗೆ ಪಿತೃಭಕ್ತನಾಗಲು ಹೊರಟರೆ ಹೂತುಹೋಗುವವನು ನಾನೇ ಅಲ್ಲವೇ ಎಂಬ ಭಯ. ಗುಂಡಿಯಲ್ಲಿ ಚಿನ್ನ ಸಿಗದಿದ್ದರೆ? ಅಂದಿನಿಂದ ನರೆಗೂದಲ ಅಜ್ಜಿಯನ್ನು ಕಂಡರೆ ಆ ಹುಡುಗನಿಗೆ ಏನೋ ಅಳುಕು. ಭಕ್ತಿ ಕಲಿಸಲು ಹೇಳಿದ ಕಥೆ ಅಜ್ಜಿಗೂ ಮೊಮ್ಮಗನಿಗೂ ನಡುವೆ ಗೋಡೆ ಎಬ್ಬಿಸಿತು.

1919ರ ಸುಮಾರಿಗೆ ಚೀನಾದ ವಿದ್ಯಾವಂತ ಯುವಕರು ಕನ್ಫ್ಯೂಷಿಯಸ್‌ನನ್ನೇ ತಿರಸ್ಕರಿಸಿದರು. ಹೆಣ್ಣುಮಕ್ಕಳ ಕಷ್ಟ, ದೇಶದ ದೌರ್ಬಲ್ಯ ಎಲ್ಲಕ್ಕೂ ಅವನೇ ಕಾರಣ ಎಂದರು. 1966ರಲ್ಲಿ, ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಹೊತ್ತಿನಲ್ಲಿ, ರೆಡ್ ಗಾರ್ಡ್ ತರುಣರು ಚೂಫುವಿಗೆ ನುಗ್ಗಿ ಸಮಾಧಿಯ ಕಲ್ಲನ್ನು ಒಡೆದರು, ಗೋರಿಗಳನ್ನು ಅಗೆದರು. ಮುಂದೆ ಗಾಳಿ ಬದಲಾಯಿತು. ಒಡೆದ ಕಲ್ಲನ್ನು ಮತ್ತೆ ಜೋಡಿಸಿ ನಿಲ್ಲಿಸಿದರು. 1994ರಲ್ಲಿ ಚೂಫುವಿನ ಗುಡಿ, ಸಮಾಧಿ ವನ ಮತ್ತು ಕೊಂಗ್ ಮನೆತನದ ಮಹಲು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕೊಂಗ್ ಮನೆತನದವರು 2009ರಲ್ಲಿ ಹೊಸ ವಂಶಾವಳಿ ಪ್ರಕಟಿಸಿದರು. ಅದರಲ್ಲಿ 20 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಎರಡು ಸಾವಿರ ವರ್ಷಗಳಿಗಿಂತ ಹಳೆಯ ಆ ಮನೆತನದ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಸೇರಿದ್ದು ಆಗಲೇ ಮೊದಲ ಸಲ.

ಮನೆಯ ಭಾಷಣ

ಇಷ್ಟೆಲ್ಲ ಓದಿದ ಮೇಲೆ ಮೊಮ್ಮಗಳನ್ನು ಕರೆದು, "ನಾನು ಬರೆಸಿದ ಭಾಷಣ ತಪ್ಪಾಗಿತ್ತಮ್ಮ. ನಿನ್ನ ಪ್ರಶ್ನೆಯೇ ಸರಿ" ಎಂದೆ. ಈ ವಯಸ್ಸಿನಲ್ಲಿ ಈ ಮಾತು ಆಡುವುದು ಮಾತ್ರೆ ನುಂಗಿದಷ್ಟು ಸುಲಭವಲ್ಲ. ಅವಳು ಹೊಸದಾಗಿ ಭಾಷಣ ಬರೆದಳು. ಕರಬೂಜ ಹೊಲದ ಕಥೆಯಿಂದ ಶುರು ಮಾಡಿದಳು. ಬಹುಮಾನ ಬರಲಿಲ್ಲ, ಮೂರು ನಿಮಿಷದ ಗಂಟೆ ಬಾರಿಸಿದರೂ ಅವಳ ಕಥೆ ಮುಗಿದಿರಲಿಲ್ಲವಂತೆ.

ಈಗ ನನ್ನ ಮಾತ್ರೆಗಳು ಏಳು ಖಾನೆಗಳ ಒಂದು ಡಬ್ಬಿಯಲ್ಲಿವೆ. ಭಾನುವಾರ ಸಂಜೆ ಸೊಸೆ ಅದನ್ನು ತುಂಬಿಸುತ್ತಾಳೆ. ಪ್ರತಿದಿನ ಶಾಲೆಗೆ ಹೊರಡುವ ಮೊದಲು ಮೊಮ್ಮಗಳು ಖಾನೆ ತೆರೆದು ನೋಡಿ, ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕುತ್ತಾಳೆ. ಒಂದು ದಿನ ನಾನು ಮರೆತಿದ್ದೆ. "ತಾತ, ಬುಧವಾರ ಇನ್ನೂ ಡಬ್ಬಿಯಲ್ಲೇ ಇದೆ" ಎಂದು ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

ಕಿರಿಯರನ್ನು ಹಗುರವಾಗಿ ಕಾಣಬಾರದು, ನಾಳೆ ಅವರು ನಮ್ಮ ಸಮಕ್ಕೆ ಬರಲಾರರು ಎಂದು ಯಾರು ಬಲ್ಲರು ಎಂಬ ಅರ್ಥದ ಮಾತೂ ಕನ್ಫ್ಯೂಷಿಯಸ್‌ನದೇ. ಈ ಲೇಖನವನ್ನು ಮೊದಲು ಓದಿದ್ದು ನನ್ನ ಮೊಮ್ಮಗಳು. ಎರಡು ಪುಟ ಓದಿ ಸುಮ್ಮನಾದಳು. ಪಕ್ಕದಲ್ಲಿ ಬಂದು ಕುಳಿತಳು. "ತಾತ, ಬೇಜಾರು ಮಾಡ್ಕೋಬೇಡಿ. ಕನ್ಫ್ಯೂಷಿಯಸ್ ತೀರಿಕೊಂಡದ್ದು 479ರಲ್ಲಿ. ನೀವು 497 ಅಂತ ಬರೆದಿದ್ದೀರಿ" ಎಂದಳು.

ಕನ್ನಡಕ ಹಾಕಿಕೊಂಡು ನೋಡಿದೆ. ಅವಳು ಹೇಳಿದ್ದೇ ಸರಿ. ತಿದ್ದಿ ಕಳಿಸಿದ್ದೇನೆ.